ಅಥೆನ್ಸಿನಲ್ಲಿ ಅಕ್ಕನ ಊಟ

ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ಹೊಸದೊಂದು ಬೇಕರಿ ಆಗಿದೆ. ಬೆಳಿಗ್ಗೆ ಕಾಲೇಜಿಗೆ ಹೋಗುವಾಗ ಅದರ ಮುಂದೆ ಹಾದರೆ ಹುರಿದ ಎಳ್ಳಿನ ವಾಸನೆ ಬರುತ್ತದೆ. ಎಳ್ಳು ನಮ್ಮ ಸೀಮೆಯವರಿಗೆ ಹೊಸದೇನಲ್ಲ. ಸಂಕ್ರಾಂತಿ ಬಂದರೆ ಸಜ್ಜೆ ರೊಟ್ಟಿಯ ಮೈತುಂಬ ಅದೇ. ಆದರೆ ಈಚೆಗೆ ಆ ವಾಸನೆ ನನ್ನನ್ನು ಅವ್ವನ ಒಲೆಯ ಮುಂದಕ್ಕೆ ಒಯ್ಯುವುದಿಲ್ಲ. ನೇರವಾಗಿ ಅಥೆನ್ಸ್ ಪಟ್ಟಣದ ಒಂದು ಬೀದಿ ಮೂಲೆಗೆ ಒಯ್ದು ನಿಲ್ಲಿಸುತ್ತದೆ. ಅಲ್ಲಿ ಗಾಡಿಯವನೊಬ್ಬ ದೊಡ್ಡ ಬಳೆಯಂಥ ಬ್ರೆಡ್ಡಿಗೆ ಎಳ್ಳು ಮೆತ್ತಿ ಮಾರುತ್ತಾನೆ. ಅವನ ಮುಂದೆ ನನ್ನ ಅಕ್ಕ, ಇಳಕಲ್ ಸೀರೆಯ ಮೇಲೆ ಸ್ವೆಟರ್ ತೊಟ್ಟುಕೊಂಡು, ಆ ಬಳೆಗಳಲ್ಲಿ ಯಾವುದು ಹೆಚ್ಚು ಕೆಂಪಗೆ ಬೆಂದಿದೆ ಎಂದು ಬೆರಳು ತೋರಿಸಿ ಆರಿಸುತ್ತಿದ್ದಾಳೆ.

ಕೊಟ್ಟೂರಿನಲ್ಲಿ ಪಾಠ ಹೇಳಿಕೊಂಡಿರುವ ನನಗೆ ಅಥೆನ್ಸ್ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಅದು ನನ್ನ ಯೋಚನೆಯಲ್ಲ, ಅಕ್ಕನದು. ಅಕ್ಕ ಹೊಸಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಈಗ ಹಗರಿಬೊಮ್ಮನಹಳ್ಳಿಯಲ್ಲಿ ಸ್ವಂತ ಮನೆ ಕಟ್ಟಿಕೊಂಡಿದ್ದಾಳೆ. ಮೆಡಿಟರೇನಿಯನ್ ವಾಯುಗುಣ ಎಂಬ ಪಾಠವನ್ನು ಅವಳು ಎಷ್ಟು ಸಲ ಮಾಡಿದ್ದಳೋ. ದ್ರಾಕ್ಷಿ, ನಿಂಬೆ, ಆಲಿವ್ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದಳು. ಆಲಿವ್ ಯಾವ ರುಚಿ ಎಂದು ಯಾರಾದರೂ ಕೇಳಿದರೆ ತಿಂದಿಲ್ಲ ಎಂದು ಸಲೀಸಾಗಿ ಒಪ್ಪಿಕೊಳ್ಳುತ್ತಿದ್ದಳು. ನಿವೃತ್ತಿಯಾದ ಮೇಲೆ, ದಾವಣಗೆರೆಯಿಂದ ಹೊರಡುವ ಪ್ರವಾಸದ ತಂಡವೊಂದಕ್ಕೆ ತನ್ನ ಹೆಸರನ್ನೂ ನನ್ನ ಹೆಸರನ್ನೂ ಬರೆಸಿ, ಆಮೇಲೆ ನನಗೆ ತಿಳಿಸಿದಳು. ಅಕ್ಕ ನಿರ್ಧಾರ ಮಾಡಿದಳೆಂದರೆ ನನಗೆ ಉಳಿಯುವ ಕೆಲಸ ಬಟ್ಟೆ ಜೋಡಿಸುವುದೊಂದೇ.

ಅಥೆನ್ಸಿನಲ್ಲಿ ನಮಗೆ ಸಿಕ್ಕಿದ್ದು ಮೂರು ದಿನ. ಮೊದಲ ಸಂಜೆಯೇ ತಂಡವನ್ನೆಲ್ಲ ಬಸ್ಸಿನಲ್ಲಿ ತುಂಬಿ ಒಂದು ಇಂಡಿಯನ್ ಹೋಟೆಲಿಗೆ ಇಳಿಸಿದರು. ಅನ್ನ, ತೊಗರಿಬೇಳೆ ಸಾರು, ಹಪ್ಪಳ, ಆಲೂಗಡ್ಡೆ ಪಲ್ಯ. ಎಲ್ಲರ ಮುಖ ಅರಳಿತು. ನನ್ನ ಮುಖವೂ ಅರಳಿತೆಂದು ಹೇಳಲು ನನಗೆ ನಾಚಿಕೆಯಿಲ್ಲ. ವಿಮಾನದ ತಣ್ಣನೆಯ ಊಟದ ನಂತರ ಬಿಸಿ ಸಾರು ಕಂಡರೆ ಯಾರ ಮುಖ ಅರಳದು? ಅಕ್ಕ ಮಾತ್ರ ತಟ್ಟೆ ಮುಟ್ಟಲಿಲ್ಲ. ಪ್ರವಾಸದ ಮ್ಯಾನೇಜರನನ್ನು ಕರೆದು, ನಾಳೆಯಿಂದ ನಮ್ಮಿಬ್ಬರ ಊಟ ಬಿಟ್ಟುಬಿಡಿ ಎಂದಳು. ಅವನು, ಹೊರಗಿನದು ತಿಂದು ಹೊಟ್ಟೆ ಕೆಟ್ಟರೆ ತಾನು ಜವಾಬ್ದಾರನಲ್ಲ ಎಂದ.

"ಹೊಟ್ಟಿ ನಂದು, ನಾ ನೋಡ್ಕೊಂತೀನಿ. ಬ್ಯಾಳಿ ಸಾರು ಉಣ್ಣಾಕ ನಾನು ಇಷ್ಟು ದೂರ ಬಂದಿಲ್ರಿ" ಎಂದಳು ಅಕ್ಕ.

ನಮ್ಮ ಮೇಜಿನಲ್ಲೇ ಹರಪನಹಳ್ಳಿಯ ಗಿರಿಜಮ್ಮ ಕೂತಿದ್ದರು. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಶುದ್ಧ ಸಸ್ಯಾಹಾರಿ, ಒಳ್ಳೆಯ ಮಾತುಗಾರ್ತಿ. ನಮ್ಮ ಊರು, ನೌಕರಿ ಎಲ್ಲ ಕೇಳಿ ಮುಗಿಸಿದ ಮೇಲೆ, ಎಲ್ಲರೂ ಕೊನೆಗೆ ಕೇಳುವುದನ್ನು ಅವರೂ ಕೇಳಿದರು. "ನಿಮ್ದು ಯಾವ ಪೈಕಿ ಆತ್ರೀ?"

"ನಾವು ಬುದ್ಧನ ಪೈಕಿ ರೀ" ಎಂದಳು ಅಕ್ಕ.

ಗಿರಿಜಮ್ಮ ಅರ್ಥ ಮಾಡಿಕೊಂಡರು. ಆ ರಾತ್ರಿ ಆಮೇಲೆ ಅವರ ಮಾತು ಕಡಿಮೆಯಾಯಿತು.

ಅಕ್ಕನ ಈ ಊಟದ ಹಟದ ಬಗ್ಗೆ ಒಂದಿಷ್ಟು ಹೇಳದಿದ್ದರೆ ನಿಮಗೆ ಅವಳು ಬರಿಯ ಮೊಂಡಿಯಂತೆ ಕಂಡಾಳು. ನಮ್ಮಪ್ಪ ರೈಲ್ವೆಯಲ್ಲಿ ಹಳಿ ಕಾಯುವ ಗ್ಯಾಂಗ್‌ಮನ್. ಅಕ್ಕ ಏಳನೆಯ ತರಗತಿ ಪಾಸಾದಾಗ ಅವಳಿಗೆ ದೋಸೆ ತಿನ್ನಿಸಬೇಕೆಂದು ಪೇಟೆಗೆ ಕರೆದುಕೊಂಡು ಹೋಗಿದ್ದ. ಅಲ್ಲಿನ ಹೋಟೆಲಿನಲ್ಲಿ ನಮ್ಮವರು ಒಳಗೆ ಹೋಗುವಂತಿರಲಿಲ್ಲ. ದೋಸೆ ಎಲೆಯಲ್ಲಿ ಸುತ್ತಿಕೊಂಡು ಹಿಂದಿನ ಬಾಗಿಲಿಗೆ ಬಂತು. ಅಪ್ಪ ಗೋಡೆಗೆ ಆತು ನಿಂತು ಖುಷಿಯಿಂದಲೇ ತಿಂದನಂತೆ. ಅಕ್ಕ ತನ್ನದನ್ನು ಬಿಚ್ಚಲೇ ಇಲ್ಲ. ಮನೆಯವರೆಗೆ ಹಿಡಿದುಕೊಂಡು ಬಂದು ಅವ್ವನ ಕೈಗೆ ಕೊಟ್ಟಳು.

ಮೊದಲ ಸಂಬಳ ಬಂದ ತಿಂಗಳಿಂದ ಅವಳಿಗೊಂದು ರೂಢಿಯಾಯಿತು. ಯಾವ ಊರಿಗೆ ಹೋದರೂ ಮೊದಲು ಅಲ್ಲಿನ ಹೋಟೆಲಿಗೆ ಹೋಗಿ, ನಟ್ಟನಡುವಿನ ಮೇಜು ಹಿಡಿದು, ಬೆನ್ನು ನೆಟ್ಟಗೆ ಮಾಡಿ ಕೂತು, ನಿಧಾನವಾಗಿ ತಿನ್ನುವುದು. ಕೂಡ್ಲಿಗಿ, ಹಡಗಲಿ, ಹೊಸಪೇಟೆ, ಎಲ್ಲ ಕಡೆ ಜೊತೆಗೆ ನಾನು. ಬೇಗ ತಿಂದು ಏಳೋಣ ಎಂದು ನಾನು ಗೊಣಗಿದರೆ, ಇನ್ನೊಂದು ಚಹಾ ಹೇಳುತ್ತಿದ್ದಳು. ಕೆಲವು ಕಡೆ ಮಾಣಿ ಬರುವುದಕ್ಕೆ ತಡ ಮಾಡುತ್ತಿದ್ದ. ಅಕ್ಕ ಕಾಯುತ್ತಿದ್ದಳು. ಕಾಯುವುದರಲ್ಲಿ ಅವಳನ್ನು ಸೋಲಿಸಿದವರನ್ನು ನಾನು ಕಂಡಿಲ್ಲ.

ಅಥೆನ್ಸಿನಲ್ಲಿ ಅದೇ ರೂಢಿ ಮುಂದುವರಿಯಿತು. ಎಳ್ಳಿನ ಬಳೆ ತಿಂದ ಬೆಳಿಗ್ಗೆಯೇ ರಸ್ತೆ ಪಕ್ಕದ ಮರವೊಂದರಲ್ಲಿ ಆಲಿವ್ ಕಾಯಿ ತೂಗುವುದನ್ನು ಕಂಡು, ಅಕ್ಕ ಒಂದು ಕಿತ್ತು ಬಾಯಿಗೆ ಹಾಕಿಕೊಂಡಳು. ಅವಳ ಮುಖ ನೋಡಿ ನಾನು ಸುಮ್ಮನಿರಬೇಕಿತ್ತು. ಜಾಣತನ ತೋರಿಸಲು ಹೋಗಿ ನಾನೂ ಒಂದು ಕಚ್ಚಿದೆ. ಬೇವಿನಕಾಯಿ ಅದರ ಮುಂದೆ ಬೆಲ್ಲ. ಆಲಿವನ್ನು ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿ ಹಾಕಿಡದೆ ತಿನ್ನಲಾಗದೆಂದು ನಮ್ಮ ಪಾಠದ ಪುಸ್ತಕದಲ್ಲಿ ಇರಲಿಲ್ಲ. ನಾನು ಉಗಿದೆ. ಅಕ್ಕ ನುಂಗಿದಳು.

ನೀವೇನಾದರೂ ಆ ಊರಿಗೆ ಹೋದರೆ, ಹಳೆಯ ಗುಡಿಯಿರುವ ಕೋಟೆಗುಡ್ಡದ ಬುಡದಲ್ಲಿ ಊಟದ ಚಿತ್ರ ಹಿಡಿದು ಕೈಬೀಸಿ ಕರೆಯುವವರ ಕಡೆ ಹೋಗಬೇಡಿ. ಮಾರುಕಟ್ಟೆಯ ಸುತ್ತಲಿನ ಓಣಿಗಳಿಗೆ ಹೋಗಿ. ಅಲ್ಲಿನ ಸಣ್ಣ ಊಟದ ಮನೆಗಳಲ್ಲಿ ಅಡುಗೆಯ ತಟ್ಟೆಗಳನ್ನು ಕಣ್ಣಿಗೆ ಕಾಣುವಂತೆ ಇಟ್ಟಿರುತ್ತಾರೆ. ಭಾಷೆ ಬಾರದಿದ್ದರೆ ಬೆರಳು ಸಾಕು. ಮಧ್ಯಾಹ್ನದ ಊಟಕ್ಕೆ ಅವಸರ ಮಾಡಬೇಡಿ, ಅವರು ಉಣ್ಣುವುದೇ ತಡವಾಗಿ. ಹೊಲದ ಬದುವಿನ ಸೊಪ್ಪನ್ನು ಬೇಯಿಸಿ, ನಿಂಬೆಹಣ್ಣು ಹಿಂಡಿ, ಆಲಿವ್ ಎಣ್ಣೆ ಸುರಿದು ಕೊಡುತ್ತಾರೆ, ಅದನ್ನು ಬಿಡಬೇಡಿ. ಹಳದಿ ಬೇಳೆಯನ್ನು ಗಟ್ಟಿಯಾಗಿ ಮಸೆದು ಮೇಲೆ ಹಸಿ ಈರುಳ್ಳಿ ಉದುರಿಸಿರುತ್ತಾರೆ. ಬೇಳೆ ಬೇಡವೆಂದು ಹಟ ಹಿಡಿದು ಬಂದ ಅಕ್ಕ, ಅದನ್ನು ಎರಡು ಸಲ ಹಾಕಿಸಿಕೊಂಡಳು. ನಾನು ನಕ್ಕಿದ್ದಕ್ಕೆ, ಇದು ಈ ಊರಿನ ಬೇಳೆ ಎಂದಳು. ಊಟ ಮುಗಿದ ಮೇಲೆ ಕೇಳದಿದ್ದರೂ ರವೆಯ ಸಿಹಿ ತಂದಿಟ್ಟರು. ನಮ್ಮ ಸಜ್ಜಿಗೆಯನ್ನು ಗಟ್ಟಿ ಮಾಡಿ ಕತ್ತರಿಸಿದ ಹಾಗಿತ್ತು.

ಎರಡನೆಯ ದಿನ ಗಿರಿಜಮ್ಮ ನಮ್ಮ ಹಿಂದೆಯೇ ಬಂದರು. ಆಲೂಗಡ್ಡೆ ಪಲ್ಯ ಸಾಕಾಗಿತ್ತೋ, ಮೊದಲ ರಾತ್ರಿಯ ಮೌನ ಸಾಕಾಗಿತ್ತೋ ನಾವು ಕೇಳಲಿಲ್ಲ. ನಾನೂ ಬರಲೇ ಎಂದರು, ಅಕ್ಕ ಕುರ್ಚಿ ಎಳೆದು ಕೊಟ್ಟಳು. ಸೊಪ್ಪಿನ ತಟ್ಟೆ ನಡುವೆ ಇತ್ತು. ಮೂವರೂ ಅದರಲ್ಲೇ ಬ್ರೆಡ್ಡು ಅದ್ದಿ ತಿಂದೆವು. ಮರುದಿನ ಮಾಂಸದ ಮಾರುಕಟ್ಟೆಗೆ ಹೋಗುತ್ತೇವೆಂದಾಗ ಮಾತ್ರ ಅವರು ತಲೆಯಾಡಿಸಿದರು. ವಾಸನೆ ತಡೆಯಲಾಗುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ ಎಂದರು. ಅಕ್ಕನಿಗೆ ಬೇಸರವಾಗಲಿಲ್ಲ.

ಆ ಮಾರುಕಟ್ಟೆಗೆ ದೊಡ್ಡ ಗಾಜಿನ ಚಾವಣಿ. ಕುರಿಗಳನ್ನು ಸಾಲಾಗಿ ತೂಗುಹಾಕಿದ್ದರು. ನಮ್ಮ ಕಡೆಯ ಕುರುಬರು ಇದ್ದಿದ್ದರೆ ಒಂದೊಂದನ್ನೂ ಕಣ್ಣಲ್ಲೇ ತೂಗುತ್ತಿದ್ದರು. ಅಂಗಡಿಗಳ ನಡುವೆ ಒಂದು ಊಟದ ಮನೆ. ಬಾಗಿಲಲ್ಲಿ ಕೊಪ್ಪರಿಗೆಯಂಥ ಪಾತ್ರೆ ಕುದಿಯುತ್ತಿತ್ತು. ಅಡುಗೆಯವನು ಮುಚ್ಚಳ ತೆಗೆದ. ಅಕ್ಕ ಅಲ್ಲೇ ನಿಂತುಬಿಟ್ಟಳು.

"ಲೇ, ಇದು ಬೋಟಿ ಅಲ್ಲೇನು?"

ಹೌದು. ಕುರಿಯದೋ ದನದ್ದೋ, ಹೊಟ್ಟೆ ಕರುಳು ಶುಚಿ ಮಾಡಿ ಗಂಟೆಗಟ್ಟಲೆ ಬೇಯಿಸಿದ ಸಾರು. ಅವ್ವ ಭಾನುವಾರಗಳಂದು ಮಾಡುತ್ತಿದ್ದ ಬೋಟಿ ಸಾರು, ಖಾರ ಒಂದು ಕಡಿಮೆ.

ಇಲ್ಲಿ ನಾನು ನಮ್ಮ ಮನೆಯ ಒಂದು ಸಂಗತಿ ಹೇಳಬೇಕು. ಎಲ್ಲ ಹೋಟೆಲುಗಳ ನಡುಮೇಜು ಗೆದ್ದ ಅಕ್ಕ, ಬೋಟಿಯನ್ನು ಮಾತ್ರ ಯಾರ ಎದುರಿಗೂ ತಿಂದವಳಲ್ಲ. ಹೊಸಹಳ್ಳಿಯ ಬಾಡಿಗೆ ಮನೆಯಲ್ಲಿ ಅದನ್ನು ಬೇಯಿಸುವ ದಿನ ಕಿಟಕಿ ಮುಚ್ಚುತ್ತಿದ್ದಳು. ಶಾಲೆಗೆ ಒಯ್ಯುತ್ತಿದ್ದದ್ದು ಚಪಾತಿ, ಮೊಟ್ಟೆ ಪಲ್ಯ. ಯಾರಾದರೂ ಭಾನುವಾರ ಏನು ಅಡುಗೆ ಎಂದು ಕೇಳಿದರೆ ಚಿಕನ್ ಎನ್ನುತ್ತಿದ್ದಳು. ನಾನೂ ಹಾಗೇ ಕಲಿತೆ.

ಒಳಗೆ ಮೇಜುಗಳೆಲ್ಲ ತುಂಬಿದ್ದವು. ರಕ್ತದ ಕಲೆಯ ಏಪ್ರನ್ ತೊಟ್ಟ ಕಟುಕರು, ಟೈ ಕಟ್ಟಿದ ಕಚೇರಿಯ ಮಂದಿ, ಒಬ್ಬ ಮುದುಕಿ. ಎಲ್ಲರ ಮುಂದೆ ಅದೇ ಬಟ್ಟಲು. ನಮ್ಮನ್ನು ಕಂಡು ಟೈ ಕಟ್ಟಿದವನೊಬ್ಬ ತನ್ನ ಚೀಲ ಎತ್ತಿ ಜಾಗ ಮಾಡಿಕೊಟ್ಟ. ಸಾರು ಬಂತು. ಬೆಳ್ಳುಳ್ಳಿ ನೆನೆಸಿದ ವಿನೆಗರನ್ನೂ ಮೆಣಸಿನಕಾಯಿ ತರಿಯನ್ನೂ ಆ ಮನುಷ್ಯನೇ ಅಕ್ಕನ ಕಡೆ ಸರಿಸಿ, ಧಾರಾಳವಾಗಿ ಹಾಕಿಕೊಳ್ಳಿ ಎಂಬಂತೆ ಕೈಸನ್ನೆ ಮಾಡಿದ. ಅಕ್ಕ ಖಾರ ಹಾಕಿಕೊಂಡ ಪರಿ ನೋಡಿ ಅವನು ಪಕ್ಕದವನಿಗೆ ತೋರಿಸಿದ.

ಅವಳು ನಿಧಾನವಾಗಿ ಉಂಡಳು. ಬಟ್ಟಲಿನ ತಳವನ್ನು ಬ್ರೆಡ್ಡಿನಿಂದ ಒರೆಸಿ ತಿಂದಳು. ಆಮೇಲೆ, ನನ್ನ ಕಡೆ ನೋಡದೆ, ಮೆಲ್ಲಗೆ ಹೇಳಿದಳು.

"ಇಷ್ಟು ವರ್ಷ ನಾನು ಒಳಗ ಕುಂತೆ ಅಂತ ತಿಳ್ಕೊಂಡಿದ್ದೆ. ನಮ್ಮ ಊಟ ಇನ್ನೂ ಹೊರಗ ನಿಂತಿತ್ತು ನೋಡು."

ನಾನು ಮೆಣಸಿನಕಾಯಿಯ ಖಾರ ಎಂದು ಕಣ್ಣೊರೆಸಿಕೊಂಡೆ. ಆ ಖಾರಕ್ಕೆ ನಮ್ಮ ಕಡೆಯ ಕೂಸು ಕೂಡ ಅಳುವುದಿಲ್ಲ.

ಬಸ್ಸಿನಲ್ಲಿ ಗಿರಿಜಮ್ಮ ಏನು ತಿಂದಿರಿ ಎಂದು ಕೇಳಿದರು. ಅಕ್ಕ ಚಿಕನ್ ಎನ್ನಲಿಲ್ಲ. ಏನು, ಹೇಗೆ ತೊಳೆಯುತ್ತಾರೆ, ಎಷ್ಟು ಹೊತ್ತು ಬೇಯಿಸುತ್ತಾರೆ, ಅವ್ವ ಯಾವ ಮಸಾಲೆ ಹಾಕುತ್ತಿದ್ದಳು, ಎಲ್ಲವನ್ನೂ ಹೇಳಿದಳು. ಗಿರಿಜಮ್ಮ ಸೆರಗನ್ನು ಮೂಗಿನ ಹತ್ತಿರ ಹಿಡಿದುಕೊಂಡೇ ಕೊನೆಯವರೆಗೂ ಕೇಳಿದರು.

ಊರಿಗೆ ಬಂದ ತಿಂಗಳಲ್ಲಿ ಅಕ್ಕ ಹಳೆಯ ಸಹೋದ್ಯೋಗಿಗಳನ್ನು ಊಟಕ್ಕೆ ಕರೆದಳು. ಫೋನಿನಲ್ಲಿ ಕರೆಯುವಾಗಲೇ, ಬೋಟಿ ಸಾರು, ಜೋಳದ ರೊಟ್ಟಿ, ಒಲ್ಲದವರಿಗೆ ಪುಂಡಿಪಲ್ಯ ಎಂದು ಸ್ಪಷ್ಟವಾಗಿ ತಿಳಿಸಿದಳು. ಕೆಲವರಿಗೆ ಅಂದು ಉಪವಾಸ ಬಂತು, ಕೆಲವರಿಗೆ ನೆಂಟರು ಬಂದರು. ಬಂದವರು ಹೊಟ್ಟೆ ತುಂಬ ಉಂಡರು. ಹರಪನಹಳ್ಳಿಯಿಂದ ಬಸ್ಸು ಹಿಡಿದು ಗಿರಿಜಮ್ಮನೂ ಬಂದಿದ್ದರು. ಬೋಟಿ ಉಣ್ಣುವವರ ನಡುವೆಯೇ ಕೂತು, ಪುಂಡಿಪಲ್ಯದಲ್ಲಿ ರೊಟ್ಟಿ ಮುರಿದು ತಿಂದು, ಇನ್ನರ್ಧ ರೊಟ್ಟಿ ಕೇಳಿ ಹಾಕಿಸಿಕೊಂಡರು. ಬಾರದವರನ್ನು ಅಕ್ಕ ಬೈಯಲಿಲ್ಲ. ಮುಂದಿನ ಸಲ ಮತ್ತೆ ಕರೀತೀನಿ ಎಂದಳು.

ಇಂದು ಮಧ್ಯಾಹ್ನ ನಾನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿದೆ. ನಿನ್ನೆ ಅಕ್ಕನ ಮನೆಯಿಂದ ತಂದಿದ್ದು. ವಾಸನೆ ಮೇಜಿನ ಆ ತುದಿಯವರೆಗೆ ಹೋಯಿತು. ಈಚೆಗೆ ಸೇರಿದ ಇಂಗ್ಲಿಷ್ ಮೇಡಂ ತಲೆಯೆತ್ತಿ, ಏನ್ರಿ ಇವತ್ತು ವಿಶೇಷ ಎಂದರು. ಉಳಿದವರು ಉತ್ತರಕ್ಕಾಗಿ ನನ್ನ ಕಡೆ ನೋಡಿದರು.

"ಬೋಟಿ" ಎಂದೆ, ಮತ್ತು ಊಟ ಮುಂದುವರಿಸಿದೆ.