ಮಗ್ಗದ ಕುಣಿಯಲ್ಲಿ ಕೂತಿದ್ದಾಕೆ

ಮೊನ್ನೆ ಗದಗಿನ ಒಂದು ದವಾಖಾನೆಯಲ್ಲಿ ಹುಡುಗಿಯೊಬ್ಬಳು ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತಿ ಗಾಳಿ ತುಂಬಿದಳು. ಮೂವತ್ತು ವರ್ಷ ಊರವರ ತೋಳಿಗೆಲ್ಲ ಅದನ್ನು ಸುತ್ತಿದವಳು ನಾನು. ಈಗ ನನ್ನ ಸರದಿ. ಗಾಳಿ ಸುಸ್ಸೆಂದು ಇಳಿಯುವ ಸದ್ದು ಕೇಳುತ್ತಲೇ ಗಜೇಂದ್ರಗಡದ ಒಂದು ಮಗ್ಗದ ಕೋಣೆ ಕಣ್ಣೆದುರು ಬಂದು ನಿಂತಿತು. ಆ ಕೋಣೆಯ ವಿಷಯ ನಾನು ಯಾರಿಗೂ ಪೂರ್ತಿ ಹೇಳಿಲ್ಲ. ನಿಮಗೆ ಹೇಳುತ್ತೇನೆ, ನಕ್ಕರೂ ಚಿಂತೆಯಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನಲ್ಲಿ ಸರಕಾರಿ ನರ್ಸ್. ಬಿಳಿ ಸೀರೆ, ಹೆಗಲಿಗೆ ಚೀಲ, ಸರಕಾರವೇ ನಡೆದು ಬಂದಂಥ ಗತ್ತು. ಬಸುರಿಯರು ತಲೆನೋವು ಎಂದರೂ ಕಬ್ಬಿಣಾಂಶದ ಗುಳಿಗೆ, ಸೊಂಟನೋವು ಎಂದರೂ ಅದೇ, ಗಂಡ ಬೈದ ಎಂದರೂ ಅದೇ. ಓಣಿಯವರು ನನಗೆ ‘ಗುಳಿಗಿಬಾಯಿ’ ಎಂದು ಹೆಸರಿಟ್ಟಿದ್ದರು. ನಾನದನ್ನು ಹೊಗಳಿಕೆ ಎಂದುಕೊಂಡಿದ್ದೆ.

ಆ ಓಣಿಯಲ್ಲಿ ಸಂಗವ್ವ ಎಂಬ ಹಿರಿಯಾಕೆಯ ಮನೆ. ಅವಳ ಮಗ ನೇಕಾರ. ಸೊಸೆ ಗಂಗವ್ವನೂ ನೇಯುತ್ತಿದ್ದಳು. ಅವರದು ಕುಣಿಮಗ್ಗ. ನೇಯುವವರು ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುವುದರಿಂದ, ಬಾಗಿಲಲ್ಲಿ ನಿಂತು ನೋಡಿದರೆ ನೆಲದಿಂದ ಮೇಲೆದ್ದ ಅರ್ಧ ಮನುಷ್ಯರಷ್ಟೇ ಕಾಣುತ್ತಾರೆ. ಒಂದು ಮಧ್ಯಾಹ್ನ, ಎಂಟು ತಿಂಗಳ ಬಸುರಿ ಗಂಗವ್ವ ಲಾಳಿ ನಿಲ್ಲಿಸಿ, “ಬಾಯಾರ, ಕಣ್ಣ ಮುಂದ ಬೆಳ್ಳಿ ಚುಕ್ಕಿ ಉದುರಿದಂಗ ಆಗತೈತ್ರಿ” ಎಂದಳು. ಕೋಣೆಯಲ್ಲಿ ನಾವಿಬ್ಬರೇ. ನನಗೆ ರೋಣದ ಬಸ್ಸು ಹಿಡಿಯಬೇಕಿತ್ತು.

“ರಕ್ತ ಕಡಿಮಿ ಐತಿ, ಗುಳಿಗಿ ತೊಗೊ. ನನಗ ಬಸ್ಸಿಗಿ ಹೊತ್ತಾತು” ಎಂದು ಹೊರಟೆ. ಚೀಲದಲ್ಲಿ ಬಿಪಿ ಯಂತ್ರವಿತ್ತು. ತೆಗೆಯಲಿಲ್ಲ.

ಮೂರನೆಯ ದಿನ ಅವಳಿಗೆ ಫಿಟ್ಸ್ ಬಂದವು. ಮೈಮೇಲೆ ಗಾಳಿ ಬಂದಿದೆ ಎಂದು ಮನೆಯವರು ಬೇವಿನ ಸೊಪ್ಪು ಹಿಡಿದು ಕೂತಿದ್ದಾಗಲೇ ತಾಯಿಯೂ ಹೊಟ್ಟೆಯ ಕೂಸೂ ಹೋದರು.

ಎರಡು ವರ್ಷದ ಮೇಲೆ ಸಂಗವ್ವನ ಮಗ ಬೆಳವಣಕಿಯ ರೇಣುಕಾಳನ್ನು ಮದುವೆಯಾದ. ಆಕೆ ಗಂಗವ್ವನನ್ನು ಕಂಡವಳಲ್ಲ. ಆ ಮನೆಯಲ್ಲಿ ಸತ್ತವಳ ಹೆಸರನ್ನೂ ಎತ್ತುತ್ತಿರಲಿಲ್ಲ. ರೇಣುಕಾಳಿಗೆ ಎಂಟು ತಿಂಗಳು ತುಂಬಿದಾಗ ಸಂಗವ್ವ ತಾನೇ ನನ್ನನ್ನು ಕರೆಯಲು ಬಂದಳು.

“ಮಗ್ಗದ ಖೋಲಿಯಾಗ ಯಾರೋ ಕುಂತಾರ ಅಂತಾಳ್ರಿ. ನನಗ ಕೈಕಾಲ ಆಡವಲ್ಲವು.”

ಹೊರಗೆ ರಣಬಿಸಿಲು. ಒಳಗೆ ರೇಣುಕಾ ಗೋಡೆಗೊರಗಿ ಕೂತಿದ್ದಳು. ಮುಖ ಬಾತುಕೊಂಡಿತ್ತು. ನನ್ನನ್ನು ನೋಡದೆ ನನ್ನ ಬೆನ್ನ ಹಿಂದಿನ ಮಗ್ಗವನ್ನೇ ನೋಡುತ್ತಿದ್ದಳು.

“ಯಾರದಾರವಾ ಅಲ್ಲೆ?”

“ಒಬ್ಬಾಕಿ. ಸುತ್ತಲೂ ಚುಕ್ಕಿ ಉದುರತಾವ್ರಿ.” ಆಮೇಲೆ ದನಿ ತಗ್ಗಿಸಿ, “ನರ್ಸಬಾಯಿಗಿ ಹೇಳು ಅಂತಾಳ್ರಿ. ನಾನೂ ಹೇಳಿದ್ನಿ, ಬಸ್ಸಿಗಿ ಹೊತ್ತಾತಂತ ಹ್ವಾದ್ಲು ಅಂತಾಳ” ಎಂದಳು.

ಆ ಬಸ್ಸಿನ ಮಾತು ಆಡಿದಾಗ ಕೋಣೆಯಲ್ಲಿ ಗಂಗವ್ವನ ಹೊರತು ಯಾರೂ ಇರಲಿಲ್ಲ. ತಿರುಗಿ ನೋಡಿದೆ. ಕುಣಿ ಖಾಲಿಯಿತ್ತು. ಮಗ್ಗದ ಹಾಸಿನ ಎಳೆಗಳು ಮಾತ್ರ ಸಣ್ಣಗೆ ನಡುಗುತ್ತಿದ್ದವು. ನಾನು ನಡೆದು ಬಂದ ಅದುರಿಗೆ ಇರಬೇಕು.

ಯಂತ್ರ ತೆಗೆದೆ. ಮುಳ್ಳು ನೂರೆಂಬತ್ತು ದಾಟಿತ್ತು: ಬಸುರಿಗೆ ಬಿಪಿ ಅಷ್ಟೇರಿದರೆ ಮೊದಲು ಕಣ್ಣೆದುರು ಚುಕ್ಕಿ, ಆಮೇಲೆ ಫಿಟ್ಸ್; ಕೂಡಲೇ ದವಾಖಾನೆ ಮುಟ್ಟಿಸಬೇಕು. ಸಂಗವ್ವ ಹೊಸ್ತಿಲಿಗೆ ಅಡ್ಡ ಕೂತಳು. “ಆಕಿ ಬಿಡೂತನಕ ಇಕಿನ್ನ ಹೊರಗ ಒಯ್ಯಬ್ಯಾಡ್ರಿ!”

“ಆಕೀನ ಇಕಿನ್ನ ದವಾಖಾನಿಗಿ ಕಳಸಾಕತ್ಯಾಳ ಸಂಗವ್ವ, ದಾರಿ ಬಿಡು!” ಎಂದುಬಿಟ್ಟೆ. ಸರಕಾರಿ ನರ್ಸಿನ ಬಾಯಲ್ಲಿ ಎಂಥ ಮಾತು! ಆದರೆ ಮುದುಕಿ ಎದ್ದಳು.

ಕರೆದರೆ ಬರುವ ಆಂಬುಲೆನ್ಸ್ ಆಗ ಇರಲಿಲ್ಲ. ಬಸ್‌ಸ್ಟ್ಯಾಂಡಿಗೆ ಓಡಿ ಬಾಡಿಗೆಯ ಟ್ರ್ಯಾಕ್ಸ್ ಜೀಪೊಂದನ್ನು ತಂದೆ. ರೋಣ ಮುಟ್ಟುವ ಮೊದಲೇ ಫಿಟ್ಸ್ ಬಂದವು. ನನ್ನ ತೊಡೆಯ ಮೇಲೆ ಅವಳ ತಲೆ ಬಡಿದುಕೊಳ್ಳುತ್ತಿತ್ತು. ರೋಣದಲ್ಲಿ ಸೂಜಿ ಹಾಕಿಸಿ ಗದಗಿಗೆ ಒಯ್ದೆವು. ಸಂಜೆಗೆ ಬೊಗಸೆಯಷ್ಟು ಹೆಣ್ಣುಕೂಸು ಹುಟ್ಟಿತು. ಇಬ್ಬರೂ ಉಳಿದರು.

ಕೆಲ ದಿನದ ನಂತರ ಸಂಗವ್ವನ ಎದುರು ಕೂತು ಎಲ್ಲ ಒಪ್ಪಿಕೊಂಡೆ: “ಗಂಗವ್ವ ನನಗ ಹೇಳಿದ್ಲು. ನಾ ಕೇಳಲಿಲ್ಲ.” ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗಿನ ಅಂಚು ಹಿಂಡುತ್ತ, “ನನಗೂ ಹೇಳಿದ್ಲವಾ. ಕೆಲಸಗಳ್ಳಿ ಅಂದಿದ್ನಿ” ಎಂದಳು.

ಈಗ ಕಾಲ ಬದಲಾಗಿದೆ. ಓಣಿಗೊಬ್ಬ ಆಶಾ ಕಾರ್ಯಕರ್ತೆ, ಫೋನು ಮಾಡಿದರೆ ಗಾಡಿ. ಎಲ್ಲ ಚಲೋ ಆಗಿದೆ. ಆದರೂ ಬಸುರಿಯೊಬ್ಬಳು ತನ್ನ ಮಾತು ಮುಗಿಸುವವರೆಗೆ ಎದ್ದು ಹೋಗದೆ ಕೂರುವವರು ಒಬ್ಬರು ಬೇಕೇ ಬೇಕು. ಅದನ್ನು ಯಾವ ಗಾಡಿಯೂ ತರುವುದಿಲ್ಲ.

ಮೊನ್ನೆ ಮನೆಗೆ ಬಂದವಳೇ ರೇಣುಕಾಳಿಗೆ ಫೋನು ಮಾಡಿದೆ. ಇಷ್ಟು ವರ್ಷ ಕೇಳಲು ಧೈರ್ಯವಾಗದ ಒಂದು ಮಾತು ಕೇಳಿದೆ: “ಅವತ್ತು ಕಂಡಾಕಿ, ನನ್ನ ಮ್ಯಾಲ ಭಾಳ ಸಿಟ್ಟಿನಾಗ ಇದ್ಲೇನವಾ?”



“ಇಲ್ರಿ ಬಾಯಾರ. ಸಿಟ್ಟೆಲ್ಲಿದ್ರಿ? ಅಳಾಕತ್ತಿದ್ಲು. ಲಗೂ ಹೇಳು, ಲಗೂ ಹೇಳು ಅಂತಿದ್ಲು, ಅಷ್ಟ.”

ಇಷ್ಟು ವರ್ಷ ಗಂಗವ್ವನಿಗೆ ಹೆದರಿಕೊಂಡೇ ಬಂದಿದ್ದೆ. ಅಂದು ಮೊದಲ ಸಲ ಅವಳಿಗಾಗಿ ಅತ್ತೆ.