ಸಾಹೇಬರಿಗಾಗಿ ತೊಳೆದ ಸ್ಕೈವಾಕ್

ಮುಂಬೈನ ವಿಕ್ರೋಳಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ರಸ್ತೆಯ ಮೇಲಿನ ಕಾಲ್ಸೇತುವೆ, ಸ್ಕೈವಾಕಿನ ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಕೊಟ್ಟು ನಿಂತ ಶೆಟ್ಟೆಪ್ಪ, ರುದ್ರವ್ವನ ತಲೆಯ ಮೇಲಿನ ರೊಟ್ಟಿ ಬುಟ್ಟಿ ಇಳಿಸಿಕೊಳ್ಳುತ್ತಾರೆ. ರಸ್ತೆಯಾಚೆಯ ಕಾರ್ಖಾನೆಯ ಗೇಟಿನೆದುರು ರುದ್ರವ್ವನ ವ್ಯಾಪಾರ. ಮೊಣಕಾಲು ನೋವು, ಮೆಟ್ಟಿಲು ಹತ್ತಲಾಗದು.

"ಶೆಟ್ಟೆಪ್ಪಾ, ಚಾ ಕುಡದ್ಯೇನೋ?"

"ಆತ್ ನೋಡಬೇ ಯಕ್ಕಾ."

ಇಡೀ ದಿನದಲ್ಲಿ ಶೆಟ್ಟೆಪ್ಪನವರ ಕಿವಿಗೆ ಬೀಳುವ ಕನ್ನಡ ಇಷ್ಟೇ. ವಿಜಯಪುರ ಕಡೆಯ ಶೆಟ್ಟೆಪ್ಪ ಗುತ್ತಿಗೆಯ ಲಿಫ್ಟ್‌ಮನ್. ಕಸ ಗುಡಿಸುವವರೂ ಅವರೇ. ಹೆಂಡತಿ ತೀರಿಕೊಂಡ ಮೇಲೆ ಚಾಳಿನ ಕೋಣೆಯಲ್ಲಿ ಒಬ್ಬರೇ. "ಮನ್ಯಾಗ ಮಾತಾಡ್ಸೋರಿಲ್ರಿ. ಇಲ್ಲೂ ಅಷ್ಟ. ಆದ್ರ ಇಲ್ಲಿ ಮಂದಿ ಕಣ್ಣಿಗೆ ಕಾಣ್ತಾರ," ಎಂದು ನನಗೆ ಹೇಳುತ್ತಾರೆ.

ಈ ಸ್ಕೈವಾಕನ್ನು ಸರ್ಕಾರ ಸಾಲ ತಂದು ಕಟ್ಟಿಸಿತು. ಸಾಲ ತಪ್ಪಲ್ಲ ಬಿಡಿ. ಜನ ಓಡಾಡಿ, ದುಡಿಮೆ ಬೆಳೆದು, ತೆರಿಗೆ ಬಂದರೆ ಸಾಲದ ಭಾರ ಇಳಿಯುತ್ತದೆ. ಆದರೆ ಸ್ಟೇಷನ್ನಿಗೆ ಮುಟ್ಟಿಸಬೇಕಾದ ಕೊನೆಯ ತುಂಡನ್ನೇ ಕಟ್ಟದೆ ಕೈಬಿಟ್ಟರೆ? ಜನ ಕೆಳಗಿನ ರಸ್ತೆಯಲ್ಲೇ ಜೀವ ಕೈಯಲ್ಲಿ ಹಿಡಿದು ದಾಟುತ್ತಾರೆ. ಸ್ಕೈವಾಕ್ ಬಳಸುವವರು ಮುದುಕರು, ಬಸುರಿಯರು, ನಾಲ್ಕಾರು ಮಂದಿ. ಬಡ್ಡಿ ತುಂಬಲು ದುರಸ್ತಿಯ ಹಣಕ್ಕೇ ಕತ್ತರಿ. ಅತ್ತ ಹೊಸ ಸಾಲದಲ್ಲಿ ಇನ್ನೊಂದು ಸೇತುವೆ! ಎಂಥ ಲೆಕ್ಕವೋ, ದೇವರೇ ಬಲ್ಲ.

"ಕಟ್ಟಾಕ ಸಾಲ ಸಿಗತೈತ್ರಿ, ಲಿಫ್ಟಿಗೆ ಎಣ್ಣಿ ಹಾಕಾಕ ಸಿಗಂಗಿಲ್ಲ," ಎಂದು ಶೆಟ್ಟೆಪ್ಪ ನಗುತ್ತಾರೆ.

ಈಗ ಖರ್ಚು ಇಳಿಸಲು, ಜನ ಬಳಸದ ಲಿಫ್ಟುಗಳನ್ನು ಮುಚ್ಚುವ ಯೋಚನೆ ನಡೆದಿದೆ. ಅದನ್ನು ನೋಡಲೆಂದೇ ಕಳೆದ ವಾರ ಒಬ್ಬ ಸಾಹೇಬರು ಬಂದಿದ್ದರು. ದೊಡ್ಡವರು ಬರುತ್ತಾರೆಂದರೆ ಅಂಗಳ ತೊಳೆಯುವ ಮನೆಯಲ್ಲಿ ಬೆಳೆದವರು ಶೆಟ್ಟೆಪ್ಪ; ಸಾಹೇಬರು ಬರುವ ಕಾರಣ ಅವರಿಗೆ ಗೊತ್ತಿರಲಿಲ್ಲ. ಸ್ಕೈವಾಕನ್ನು ಥಳಥಳ ತೊಳೆದರು. ಹೊಲಸಾದೀತೆಂದು ಬಂದವರನ್ನೆಲ್ಲ ಕೆಳಗೇ ತಡೆದರು, ರುದ್ರವ್ವನನ್ನೂ. ಪಾಪ, ಆಕೆ ಬುಟ್ಟಿ ಹೊತ್ತು ಲಾರಿಗಳ ನಡುವೆ ಕುಂಟುತ್ತಾ ದಾಟಿದರು. ಮೇಲೆ ಹತ್ತಿದ ಸಾಹೇಬರಿಗೆ ಒಂದು ನರಪಿಳ್ಳೆಯೂ ಕಾಣಲಿಲ್ಲ.

"ಯಹಾಂ ತೋ ಕೋಯೀ ಆತಾ ಹೀ ನಹೀ. ಬಂದ್ ಕರೋ," ಇಲ್ಲಿ ಯಾರೂ ಬರುವುದೇ ಇಲ್ಲ, ಮುಚ್ಚಿಬಿಡಿ ಎಂದು ಹಿಂದಿಯಲ್ಲಿ ಹೇಳಿ ಇಳಿದು ಹೋದರು.

"ಶಬ್ಬಾಸ್ ಅಂತಾರ ಅನ್ಕೊಂಡಿದ್ನಿರಿ," ಎನ್ನುತ್ತಾರೆ ಶೆಟ್ಟೆಪ್ಪ. "ನನ್ನ ಕೈಯಾರ ನಾನ ಬಾಗಲಾ ಹಾಕ್ದಂಗಾತು."

ಲಿಫ್ಟ್ ಮುಚ್ಚುವ ಆದೇಶ ಇನ್ನೂ ಕೈಗೆ ಬಂದಿಲ್ಲ. ಬಂದರೆ ಹೊಟ್ಟೆಪಾಡು ಹೇಗೆಂದು ಕೇಳುತ್ತೇನೆ. ಅವರು ರಸ್ತೆಯಾಚೆ ರೊಟ್ಟಿ ಮಾರುತ್ತಿರುವ ರುದ್ರವ್ವನ ಕಡೆ ನೋಡುತ್ತಾರೆ.

"ಕೆಲಸ ಎಲ್ಲ್ಯರ ಸಿಗತೈತ್ರಿ. ಯಕ್ಕಗ ದಾಟಾಕ ಇದೊಂದು ದಾರಿ ಇರ್ಲಿ. ಇಷ್ಟು ದೊಡ್ಡ ಮುಂಬೈದಾಗ ನನ್ನ ಹೆಸರು ಹಿಡದು ಕರಿಯಾಕ ಆಕಿ ಬಿಟ್ರ ಯಾರದಾರ್ರಿ?"