ಕಾಶಿಯಲ್ಲಿ ಬಿಟ್ಟು ಬಂದ ಹಾಲು

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ನಮ್ಮ ಅತ್ತೆ ಲಿಂಗಪೂಜೆ ಮುಗಿಸಿ ಏಳಲು ಹೋದರು.

ಏಳಲಾಗಲಿಲ್ಲ.

ಬಿದ್ದಿರಲಿಲ್ಲ. ನೋವೂ ಇರಲಿಲ್ಲ. ಎರಡೂ ಕೈ ನೆಲಕ್ಕೆ ಊರಿ ಸೊಂಟವನ್ನು ಸ್ವಲ್ಪ ಎತ್ತಿದರು, ಮತ್ತೆ ಚಾಪೆಯ ಮೇಲೆ ಕುಳಿತುಬಿಟ್ಟರು. ನಾನು ಅಡುಗೆಮನೆಯಿಂದ ನೋಡುತ್ತ ನಿಂತೆ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

"ಕಾಲು ನನ್ನವು ಅಲ್ಲೇನೋ ಅನಸಾಕತ್ತೈತಿ," ಅಂದರು.

ಗಡಹಿಂಗ್ಲಜದ ಡಾಕ್ಟರು ಎಕ್ಸ್‌ರೇ ನೋಡಿ, ಮೊಣಕಾಲು ಸವೆದಿದೆ, ವಯಸ್ಸಾಯಿತಲ್ಲ ಎಂದು ಗುಳಿಗೆ ಬರೆದುಕೊಟ್ಟರು. ಗುಳಿಗೆ ಮುಗಿದವು. ಅತ್ತೆಯನ್ನು ಮಾತ್ರ ದಿನಾ ನಾನೂ ನಮ್ಮ ಯಜಮಾನರೂ ಎರಡು ಕಡೆ ಹಿಡಿದು ಎಬ್ಬಿಸಬೇಕಾಯಿತು. ಕುರ್ಚಿಯಲ್ಲಿ ಕುಳಿತು ಪೂಜೆ ಮಾಡಿರಿ ಅಂದರೆ ಮುಖ ತಿರುಗಿಸುತ್ತಿದ್ದರು. ನೆಲದ ಮೇಲೆ ಕುಳಿತು, ತಾನಾಗಿ ಏಳುವಷ್ಟು ದಿನ ಬದುಕಿದರೆ ಸಾಕು, ಅದರಾಚೆಯ ಆಯುಷ್ಯ ಬೇಡ ಎಂಬುದು ಅವರ ಹಟ. ಆ ಮಾತು ಕೇಳಿದಾಗಿನಿಂದ ನನ್ನ ಜೀವಕ್ಕೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಅವರು ಪೂಜೆಗೆ ಕುಳಿತರೆ ಸಾಕು, ನನ್ನ ಕಿವಿ ಅತ್ತಲೇ.

ಕೊನೆಗೆ ಕೊಲ್ಹಾಪುರಕ್ಕೆ ಕರೆದುಕೊಂಡು ಹೋದೆವು. ಅಲ್ಲಿಯ ಡಾಕ್ಟರಬಾಯಿ ಅತ್ತೆಯ ತೋಳನ್ನು ಹಿಡಿದು ನೋಡಿದರು. ಚರ್ಮವಷ್ಟೇ ಕೈಗೆ ಬಂತು. ಶುಗರ್ ಇಲ್ಲ, ಬಿಪಿ ಇಲ್ಲ, ಕಿಡ್ನಿ ಚೆನ್ನಾಗಿದೆ. ಹಾಗಾದರೆ ಏನು ಊಟ ಮಾಡುತ್ತಾರೆ ಎಂದು ಮರಾಠಿಯಲ್ಲಿ ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ: ಭಾಳ ಮಿತ ಆಹಾರರೀ ಇವರದು, ಅರ್ಧ ರೊಟ್ಟಿ, ಸೊಪ್ಪಿನ ಪಲ್ಯ, ಕರಿ ಚಹಾ, ಅಷ್ಟೇ. ಹಾಲು? ಕಾಶಿಯಲ್ಲಿ ಬಿಟ್ಟಿದ್ದಾರೆ. ಮೊಸರು? ಅದೂ ಅಲ್ಲೇ. ಬೇಳೆ? ತೊಗರಿಬೇಳೆ ಶ್ರೀಶೈಲದಲ್ಲಿ ಬಿಟ್ಟಿದ್ದಾರೆ.

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟರು.

"ತರ ರಾಹಿಲಂ ಕಾಯ?" ಅಂದರು. ಹಾಗಾದರೆ ಉಳಿದದ್ದೇನು?

ನಮ್ಮ ಕಡೆ ಕ್ಷೇತ್ರಕ್ಕೆ ಹೋದರೆ ತಿನ್ನುವ ಒಂದು ಪದಾರ್ಥವನ್ನು ದೇವರಿಗೆ ಬಿಟ್ಟು ಬರುತ್ತಾರೆ, ಮತ್ತೆ ಅದನ್ನು ಬಾಯಿಗೆ ಹಾಕುವುದಿಲ್ಲ. ಪಕ್ಕದ ಮನೆಯ ಶಾಂತಕ್ಕ ಜಾಣೆ, ಕಾಶಿಯಲ್ಲಿ ಡ್ರ್ಯಾಗನ್ ಫ್ರೂಟ್ ಬಿಟ್ಟು ಬಂದಳು. ಅದನ್ನು ಎಂದೂ ತಿಂದವಳೇ ಅಲ್ಲ. ನಮ್ಮ ಅತ್ತೆಗೆ ಇಂಥ ಉಪಾಯ ತಿಳಿಯದು. ಯಜಮಾನರಿಗೆ ಚಿಕ್ಕಂದಿನಲ್ಲಿ ವಿಷಮಜ್ವರ ಬಂದು ಬದುಕಿ ಉಳಿದಾಗ, ಕಾಶಿಗೆ ಹೋಗಿ ಹಾಲು, ಮೊಸರು ಬಿಟ್ಟರು. ಮುಂದೆ ಸಂಕೇಶ್ವರ ರಸ್ತೆಯಲ್ಲಿ ಲಾರಿ ಬಡಿದು ಸೊಂಟ ಮುರಿದ ಅದೇ ಮಗ ಮತ್ತೆ ನಡೆದಾಗ ಶ್ರೀಶೈಲದಲ್ಲಿ ತೊಗರಿಬೇಳೆ ಬಿಟ್ಟರು. ಆಮೇಲೆ ಹಲ್ಲು ಹೋದವು, ಶೇಂಗಾ ಚಟ್ನಿ ತಾನಾಗಿಯೇ ನಿಂತಿತು. ಬಿಟ್ಟದ್ದನ್ನೆಲ್ಲ ಒಂದೇ ತಾಟಿನಲ್ಲಿಟ್ಟು ಯಾರೂ ನೋಡಲಿಲ್ಲ. ಕಡಿಮೆ ತಿಂದಷ್ಟೂ ಆಯುಷ್ಯ ಹೆಚ್ಚು ಎಂದೇ ಎಲ್ಲರೂ ತಿಳಿದಿದ್ದೆವು.

ಸ್ನಾಯು ಕರಗಿವೆ, ಪ್ರೋಟೀನ್ ಸಾಲದು, ಬಿ ಟ್ವೆಲ್ವ್ ತಳ ಮುಟ್ಟಿದೆ ಅಂದರು ಡಾಕ್ಟರಬಾಯಿ. ಎಷ್ಟು ವರ್ಷ ಬದುಕುತ್ತಾರೋ ನಾನು ಹೇಳಲಾರೆ, ಆದರೆ ತಾವಾಗಿ ಏಳುವಂತೆ ಮಾಡುವುದು ಬಹಳಷ್ಟು ನಿಮ್ಮ ತಾಟಿನಲ್ಲಿದೆ ಅಂದರು.

ಮನೆಗೆ ಬಂದ ಮೇಲೆ ಯಜಮಾನರು ತಾವೇ ಹಾಲು ಕಾಸಿ ತಂದು ತಾಯಿಯ ಮುಂದಿಟ್ಟರು. "ಅವ್ವಾ, ನನ್ನ ಸಂಬಂಧ ಬಿಟ್ಟೀದಿ. ನಾನ ಹೇಳಾಕತ್ತೇನಿ, ಕುಡಿ."

"ನಿನ್ನ ಸಂಬಂಧನ ಬಿಟ್ಟೇನಿ. ಆದ್ರ ಕೊಟ್ಟಿದ್ದು ವಿಶ್ವನಾಥಗ. ಕೊಟ್ಟಿದ್ದನ್ನ ತಿರುಗಿ ಕೇಳ್ಲೇನು?"

ಹಾಲಿನ ಮೇಲೆ ಕೆನೆ ಕಟ್ಟಿತು. ಯಾರೂ ಮುಟ್ಟಲಿಲ್ಲ.

ನಾನೂ ಒತ್ತಾಯ ಮಾಡಲಿಲ್ಲ. ಯಜಮಾನರು ಇವತ್ತಿಗೂ ದಿನಾ ಅದೇ ಸಂಕೇಶ್ವರ ರಸ್ತೆಯಲ್ಲಿ ಗಾಡಿ ಓಡಿಸುತ್ತಾರೆ. ಅತ್ತೆ ಹಾಲು ಕುಡಿದ ದಿನ ಅವರು ಬರುವುದು ತಡವಾದರೆ? ಅತ್ತೆಯ ಕಾಲು ನೋಡಿದರೆ ಒಂದು ಸಂಕಟ, ಹೊರಬಾಗಿಲು ನೋಡಿದರೆ ಇನ್ನೊಂದು. ಮನೆಯೊಳಗೇ ಹೋಗುತ್ತ ಬರುತ್ತ ಇದ್ದೆ.

ಒಂದು ಬೆಳಿಗ್ಗೆ ಡಬ್ಬಿ ಒರೆಸುವಾಗ ಹೊಳೆಯಿತು. ಬಿಟ್ಟದ್ದನ್ನು ಬಿಡೋಣ, ಬಿಡದೆ ಇದ್ದದ್ದೇನು? ಮಡಕಿ ಕಾಳು, ಹೆಸರು, ಹುರಳಿ, ಪುಟಾಣಿ, ಶೇಂಗಾ. ಇಷ್ಟನ್ನು ದೇವರು ನಮಗೆ ಉಳಿಸಿಟ್ಟಿದ್ದ. ಅಲ್ಲೇ ನಿಂತು ಕೈ ಮುಗಿದೆ. ಕಾಳುಗಳಿಗೆ ಮೊಳಕೆ ಬರಿಸಿ, ಮೆತ್ತಗೆ ಬೇಯಿಸಿ, ಹಿಸುಕಿ ಕೊಟ್ಟೆ. ಶೇಂಗಾ ಹುರಿದು ನುಣ್ಣಗೆ ಕುಟ್ಟಿ ಪಲ್ಯಕ್ಕೆ ಬೆರೆಸಿದೆ. ಅತ್ತೆ ಶಾಂತಕ್ಕನ ಮುಂದೆ ದೂರಿದರು, "ಹುರಳಿ ತಿನಸಿ ತಿನಸಿ ನನ್ನ ಕುದರಿ ಮಾಡಾಕತ್ತಾಳ ಸೊಸಿ." ಬಿ ಟ್ವೆಲ್ವ್ ಇಂಜೆಕ್ಷನ್ನಿಗೆ ಮಾತ್ರ ತಕರಾರಿಲ್ಲ. ಸೂಜಿಯನ್ನು ಯಾವ ಕ್ಷೇತ್ರದಲ್ಲಿಯೂ ಬಿಟ್ಟಿಲ್ಲವಂತೆ. ಡಾಕ್ಟರಬಾಯಿ ಹೇಳಿದಂತೆ ಕಿಟಕಿಯ ಸರಳು ಹಿಡಿದು ಮಂಚದಿಂದ ಏಳುವುದು, ಕೂರುವುದು. ಒಂದೊಂದು ಸಲ ಎದ್ದಾಗಲೂ ಶಿವ ಶಿವ ಅನ್ನುತ್ತಾರೆ.

ಈಗ ದೀಪಾವಳಿ ಮುಗಿದಿದೆ. ಒಂದು ದಿನ ತಾವೇ ಏಳುತ್ತಾರೆ, ಒಂದು ದಿನ ನನ್ನನ್ನು ಕರೆಯುತ್ತಾರೆ. ಕರೆಯದ ದಿನವನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಳ್ಳುತ್ತೇನೆ. ಕಿವಿ ಮಾತ್ರ ಇನ್ನೂ ಆ ಕಡೆಗೇ.

ಬರುವ ಮಾಘದಲ್ಲಿ ಓಣಿಯ ಹೆಂಗಸರ ಜೊತೆ ನಾನೂ ಕಾಶಿಗೆ ಹೊರಟಿದ್ದೇನೆ. ಮೊನ್ನೆ ಪೂಜೆ ಮುಗಿಸಿದ ಅತ್ತೆ, ಅಲ್ಲಿ ಏನು ಬಿಡುತ್ತೀ ಎಂದು ಕೇಳಿದರು. ಮೊಸರು ಎಂದು ಎಂದೋ ನಿಶ್ಚಯಿಸಿದ್ದೆ. ಈಗ ಅವರ ಕಾಲುಗಳನ್ನೇ ನೋಡಿದೆ.

ಅವರು ಒಂದು ಕೈ ಗೋಡೆಗೆ ಕೊಟ್ಟು ನಿಧಾನ ಎದ್ದರು. ಸೆರಗು ಸರಿಮಾಡಿಕೊಂಡರು.

"ಹೋಗೂಕಿಂತ ಮೊದಲ ಶಾಂತಾನ್ನ ಒಂದ ಮಾತು ಕೇಳಿ ಹೋಗು," ಅಂದರು.